ಭಾವಮೈದುನನ ಬಳಿ ಉಳಿದ ಡಬ್ಬಿ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವ ಗುಣವನ್ನು ದೇವರು ನನಗೆ ಕೊಡಲಿಲ್ಲ. ಕೆಟ್ಟ ವಸ್ತುಗಳ ವಿಷಯದಲ್ಲಿ ನಾನು ಬಹಳ ಸೌಮ್ಯ. ನಮ್ಮ ಬಚ್ಚಲಿನ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿದೆ. ನನ್ನಿಂದ ಅದಕ್ಕೆ ಈವರೆಗೆ ಯಾವ ಉಪದ್ರವವೂ ಆಗಿಲ್ಲ. ಆದರೆ ಚೆನ್ನಾಗಿರುವ ವಸ್ತುವೊಂದು ಕಣ್ಣಿಗೆ ಬಿದ್ದರೆ ಸಾಕು, ಇದು ಇನ್ನೂ ಸ್ವಲ್ಪ ಚೆನ್ನಾಗಿರಬಹುದಲ್ಲ ಎಂದು ಕೈ ತುರಿಸತೊಡಗುತ್ತದೆ. ಹೀಗೆಯೇ ಒಮ್ಮೆ ಮಿಕ್ಸರಿನ ವೇಗ ಹೆಚ್ಚಿಸಲು ಹೋಗಿ ಚಟ್ನಿಯನ್ನು ಅಡುಗೆಮನೆಯ ಸೀಲಿಂಗಿಗೆ ತಲುಪಿಸಿದ್ದೆ. ನನ್ನ ಹೆಂಡತಿ ಶಶಿಕಲಾ ಇಂದಿಗೂ ಮನೆಗೆ ಬಂದವರಿಗೆ ಆ ಕಲೆಯನ್ನು ತೋರಿಸಿ, "ಇದು ಇವರು ಮಾಡಿದ್ದು" ಎನ್ನುತ್ತಾಳೆ. ಬೇರೆ ಮನೆಗಳಲ್ಲಿ ಗಂಡನಿಗೆ ಸಿಕ್ಕಿದ ಪದಕ ತೋರಿಸುವ ಧಾಟಿಯಲ್ಲೇ.

ಐವತ್ತು ತುಂಬಿದ ವರ್ಷ ನಾನೊಂದು ಮೋಟಾರ್ ಸೈಕಲ್ ಕೊಂಡೆ. ಆ ವಯಸ್ಸಿನಲ್ಲಿ ಜನ ಸಾಮಾನ್ಯವಾಗಿ ಶುಗರ್ ನೋಡುವ ಯಂತ್ರ ಕೊಳ್ಳುತ್ತಾರೆ. ನಾನು ಅಂಬರನಾಥದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ವಾರದ ಆರು ದಿನ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತು ಹೋಗಿ ನಿಂತೇ ಬರುವವನು. ಏಳನೆಯ ದಿನವಾದರೂ ಕುಳಿತು ಪ್ರಯಾಣ ಮಾಡೋಣ ಎಂಬುದಷ್ಟೇ ನನ್ನ ಆಸೆಯಾಗಿತ್ತು. ಪ್ರತಿ ಭಾನುವಾರ ಬೆಳಗ್ಗೆ ನಾನೂ ಶಶಿಕಲಾಳೂ ಶೀಳ್ ಫಾಟಾ ದಾಟಿ, ಮುಂಬ್ರಾದ ಗುಡ್ಡದ ಮಗ್ಗುಲಲ್ಲಿ ಸಾಗಿ, ಠಾಣೆಯಲ್ಲಿ ನಮ್ಮೂರ ಕಡೆಯವರೊಬ್ಬರ ಹೋಟೆಲಿನಲ್ಲಿ ಬನ್ಸ್ ತಿಂದು ಬರುತ್ತಿದ್ದೆವು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನೊಂದಿಗೆ ಅತಿ ಹೆಚ್ಚು ಮಾತಾಡಿದ್ದು ಆ ಬೈಕಿನ ಹಿಂದೆ ಕುಳಿತೇ. ಗಾಳಿಗೆ ಅರ್ಧ ನನಗೆ ಕೇಳಿಸುತ್ತಿರಲಿಲ್ಲ. ಆದರೂ ಹೂಂ ಎನ್ನುತ್ತಿದ್ದೆ. ಹಾಗೆ ಹೂಂ ಎಂದೇ ಒಮ್ಮೆ ಹೊಸ ಸೋಫಾಕ್ಕೆ ಒಪ್ಪಿಗೆ ಕೊಟ್ಟಿದ್ದೆನಂತೆ.

ಬೈಕು ಚೆನ್ನಾಗಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಶಶಿಕಲಾಳ ತಮ್ಮ ಸುಧೀರ ನೆರೂಳಿನಲ್ಲಿದ್ದಾನೆ. ಎಂಜಿನಿಯರು, ಬೈಕುಗಳ ಹುಚ್ಚ. ಈಗಿನ ಬೈಕುಗಳ ಸೀಟಿನಡಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ, ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ ಎಂದು ನನಗೆ ಹೇಳಿದವನು ಅವನೇ. ಕಂಪನಿಯವರು ಅದರಲ್ಲಿ ತುಂಬಿಸಿರುವ ಲೆಕ್ಕವನ್ನು ಬದಲಾಯಿಸಲು ಅವನ ಬಳಿ ಸಾಬೂನಿನ ಗಾತ್ರದ ಒಂದು ಟ್ಯೂನರ್ ಡಬ್ಬಿಯಿತ್ತು. "ಭಾವ, ನಿಮ್ಮ ಗಾಡಿಯನ್ನು ಕಂಪನಿಯವರು ಮಲಗಿಸಿಟ್ಟಿದ್ದಾರೆ. ನಾನು ಎಬ್ಬಿಸಿ ಕೊಡ್ತೇನೆ" ಎಂದ. ನನ್ನ ಕೈ ತುರಿಕೆ ನಿಮಗೆ ಗೊತ್ತೇ ಇದೆ. ಒಂದು ಭಾನುವಾರ ಅವನ ಮನೆಯಲ್ಲಿ ಬೈಕು ಬಿಟ್ಟು ಬಂದೆ. ಮುಂದಿನ ಭಾನುವಾರ ಎಚ್ಚೆತ್ತ ಬೈಕನ್ನು ಮನೆಗೆ ತಂದೆ.

ಎಚ್ಚೆತ್ತದ್ದೇನೋ ನಿಜ. ಆದರೆ ಡೊಂಬಿವಲಿಯ ರಿಕ್ಷಾಗಳ ನಡುವೆ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಮೆಲ್ಲಗೆ ತೆವಳುವಾಗ ಅದು ಹಗ್ಗ ಜಗ್ಗುವ ಎಳೆಗರುವಿನಂತೆ ಕುಪ್ಪಳಿಸುತ್ತಿತ್ತು. ಪ್ರತಿ ಕುಪ್ಪಳಕ್ಕೂ ಹಿಂದಿದ್ದ ಶಶಿಕಲಾ ನನ್ನ ಬೆನ್ನಿಗೆ ಬಂದು ಬೀಳುತ್ತಿದ್ದಳು. ಮೂರು ಭಾನುವಾರ ಸಹಿಸಿಕೊಂಡಳು. ನಾಲ್ಕನೆಯ ಭಾನುವಾರ, "ನನ್ನ ಸೊಂಟ ಉಳಿಯಬೇಕು, ಇನ್ನು ನಾನು ಇದಕ್ಕೆ ಹತ್ತುದಿಲ್ಲ ಮಾರಾಯ್ರೆ. ನೀವು ಹೋಗಿ ಬನ್ನಿ, ನನಗೆ ಬನ್ಸ್ ಪಾರ್ಸೆಲ್ ತನ್ನಿ" ಎಂದುಬಿಟ್ಟಳು. ಒಬ್ಬನೇ ಹೋದೆ. ಬನ್ಸ್ ಅದೇ ಬನ್ಸ್. ಆದರೆ ನಾನು ಹೂಂ ಎನ್ನಲು ಹಿಂದೆ ಮಾತಾಡುವವರೇ ಇರಲಿಲ್ಲ.

ಆ ವರ್ಷ ಚೌತಿಯ ಊಟಕ್ಕೆ ನಮ್ಮ ಕಡೆಯವರೆಲ್ಲ ಸೇರಿದ್ದಾಗ, ಪಾಯಸ ಬಡಿಸುತ್ತಿದ್ದ ಹೊತ್ತಿನಲ್ಲಿ, ಸುಧೀರ ನನ್ನ ಬೈಕನ್ನು ಕೋಣ ಮಾಡಿಟ್ಟಿದ್ದಾನೆ ಎಂದು ನಾನು ಎಲ್ಲರೆದುರು ಹೇಳಿದೆ. ತಮಾಷೆಗೇ ಹೇಳಿದ್ದು. ಸುಧೀರನೂ ತಮಾಷೆಗೇ, "ಗಾಡಿ ಸರಿ ಉಂಟು ಭಾವ. ನೀವು ಕ್ಲಚ್ ಬಿಡುವುದು ಗೇಟಿನ ಚಿಲಕ ಬಿಟ್ಟ ಹಾಗೆ" ಎಂದ. ಜನ ನಕ್ಕರು. ನನ್ನ ಮಾತಿಗೆ ನಕ್ಕದ್ದಕ್ಕಿಂತ ಅವನ ಮಾತಿಗೆ ಹೆಚ್ಚು ನಕ್ಕರು. ಆಮೇಲೆ ನಾನೇನೋ ಹೇಳಿದೆ, ಅವನೇನೋ ಹೇಳಿದ, ಪಾಯಸ ತಣ್ಣಗಾಯಿತು. ಅಂದಿನಿಂದ ಏಳು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಅಕ್ಕ ತಮ್ಮ ಮಾತ್ರ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಪಕ್ಕದಲ್ಲಿ ಪೇಪರು ಹಿಡಿದು, ನನಗದು ಕೇಳಿಸುತ್ತಿಲ್ಲ ಎಂಬುದು ಅವರಿಬ್ಬರಿಗೂ ಕೇಳಿಸುವಷ್ಟು ಜೋರಾಗಿ ಪುಟ ತಿರುವುತ್ತಿದ್ದೆ.

ಅವನ ನೆರವಿಲ್ಲದೆಯೇ ಬೈಕನ್ನು ಸರಿಪಡಿಸುತ್ತೇನೆಂದು ಛಲ ಹುಟ್ಟಿತು. ಬೇರೊಂದು ಕಂಪನಿಯ ಹೊಸ ಟ್ಯೂನರ್ ಡಬ್ಬಿ ತರಿಸಿದೆ. ಊರೊಳಗಿನ ಸವಾರಿಗೆ ತಕ್ಕ ಮೆತ್ತನೆಯ ಲೆಕ್ಕ ಅದರಲ್ಲಿದೆಯಂತೆ. ನಮ್ಮ ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಸೀಟು ಬಿಚ್ಚಿ, ವಯರು ಸಿಕ್ಕಿಸಿ, ಕೀ ತಿರುಗಿಸಿದೆ. ಡಬ್ಬಿ ಸ್ವಲ್ಪ ಹೊತ್ತು ಯೋಚಿಸಿ, ಈ ಬೈಕು ಬೇರೆ ಡಬ್ಬಿಗೆ ಲಾಕ್ ಆಗಿದೆ, ಮೊದಲು ಮೂಲ ಸ್ಥಿತಿಗೆ ತನ್ನಿ ಎಂದು ತೋರಿಸಿ ಕಣ್ಣು ಮುಚ್ಚಿಕೊಂಡಿತು. ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಅದೇ ಉತ್ತರ.

ಉಲ್ಹಾಸನಗರದಲ್ಲಿ ಮಲ್ಲಣ್ಣ ಎಂಬ ಮೆಕ್ಯಾನಿಕ್ ಇದ್ದಾನೆ, ಕಲಬುರಗಿಯವನು. ಬೈಕನ್ನು ಅವನಲ್ಲಿಗೆ ಒಯ್ದೆ. ಅವನು ಕೈಯೊರೆಸಿಕೊಂಡು ಎರಡು ನಿಮಿಷ ನೋಡಿದ.

"ಸಾಹೇಬ್ರ, ಇದಕ್ಕ ಹಳೇ ಡಬ್ಬಿ ಕೂಡ ಲಗ್ನ ಆಗ್ಯಾದ" ಎಂದ. "ಆ ಡಬ್ಬಿ ನಿಮ್ಮ ಗಾಡಿದು ಕಂಪನಿ ಲೆಕ್ಕ ತನ್ನ ಹೊಟ್ಟ್ಯಾಗ ಇಟ್ಕೊಂಡು ಕುಂತದ. ಅದನ್ನ ತಂದು ಮೊದಲ ಸ್ಟಾಕಿಗೆ, ಅಂದ್ರ ಕಂಪನಿ ಲೆಕ್ಕಕ್ಕ, ವಾಪಸ್ ಹಾಕ್ಬೇಕು. ಆಮ್ಯಾಲ ಹೊಸಾದು. ಹಳೇ ಡಬ್ಬಿ ಎಲ್ಲದ?"

"ನನ್ನ ಹೆಂಡತಿಯ ತಮ್ಮನ ಹತ್ತಿರ."

"ಮತ್ತ ಒಂದು ಫೋನ್ ಹಚ್ರಿ."

"ನಾವು ಮಾತಾಡುವುದಿಲ್ಲ."

ಮಲ್ಲಣ್ಣ ಸ್ಪ್ಯಾನರು ಕೆಳಗಿಟ್ಟು ನನ್ನನ್ನು ಬಹಳ ಕನಿಕರದಿಂದ ನೋಡಿದ. "ಗಾಡಿ ರಿಪೇರಿ ನನ್ನ ಕೆಲಸ, ಸಾಹೇಬ್ರ. ಅದು ಬ್ಯಾರೆ ಡಿಪಾರ್ಟ್‌ಮೆಂಟ್" ಎಂದ.

ನನಗೆ ಇನ್ನೂ ಒಂದು ಕಾರಣಕ್ಕೆ ನಾಚಿಕೆಯಾಯಿತು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಹಳೆಯ ಡ್ರಿಲ್ ಬಿಟ್ ವಾಪಸು ಕೊಡದೆ ಹೊಸದನ್ನು ಯಾರಿಗೂ ಕೊಟ್ಟವನಲ್ಲ ನಾನು. ಹಾಗೆಂದು ಬೋರ್ಡು ಬರೆಸಿ, ನನ್ನ ಕಿಟಕಿಗೆ ನಾನೇ ಮೊಳೆ ಹೊಡೆದಿದ್ದೇನೆ. ಅದನ್ನು ಓದಿ ಪೆಚ್ಚಾಗಿ ಹಿಂದಿರುಗುವ, ಲೇತ್ ಯಂತ್ರ ನಡೆಸುವ ಟರ್ನರ್‌ಗಳನ್ನು ಕಂಡು ಒಳಗೊಳಗೇ ಸುಖಿಸಿದ್ದೂ ಉಂಟು.

ಮನೆಗೆ ಬಂದು ಶಶಿಕಲಾಳ ಹಿಂದೆ ಮುಂದೆ ಸುಳಿದೆ. "ಸುಧೀರನ ಹತ್ತಿರ ಒಂದು ಡಬ್ಬಿ ಇದೆಯಲ್ಲ, ನೀನು ಅಲ್ಲಿಗೆ ಹೋದಾಗ ಹಾಗೇ ಸುಮ್ಮನೆ ತಂದರೆ…"

"ಎಂತ ಡಬ್ಬಿ? ಉಪ್ಪಿನಕಾಯಿದಾ?" ಅವಳು ಬೀನ್ಸ್ ಹೆಚ್ಚುತ್ತಿದ್ದಳು, ತಲೆಯೆತ್ತಲಿಲ್ಲ.

"ಬೈಕಿಂದು."

"ಬೈಕು ನಿಮ್ಮದು, ಡಬ್ಬಿ ಅವನದ್ದು. ನಡುವೆ ನಾನು ಯಾಕೆ? ನಿಮಗೆ ಬೇಕಾದರೆ ನೀವು ಹೋಗಿ ಕೇಳಿ."

ಒಳಗಿನಿಂದ ಮಗಳು, "ಬಾಬಾ, ಸರಳ್ ಸಾಂಗಾ ನಾ ಮಾಮಾಲಾ" ಎಂದು ಮರಾಠಿಯಲ್ಲಿ ಕೂಗಿದಳು. ಮಾಮನಿಗೆ ನೇರವಾಗಿ ಹೇಳಿಬಿಡಿ ಎಂದು. ನಮ್ಮ ಮನೆಯಲ್ಲಿ ನನ್ನ ವಿರುದ್ಧದ ಅಭಿಪ್ರಾಯಗಳು ಎರಡೆರಡು ಭಾಷೆಯಲ್ಲಿ ಬರುತ್ತವೆ.

ಒಂದು ವಾರ ಒದ್ದಾಡಿ, ಶನಿವಾರ ರಜೆ ಹಾಕಿ ನೆರೂಳಿಗೆ ಹೊರಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಕ್ಷಮೆ ಕೇಳಿದಂತಿರಬೇಕು, ಆದರೆ ಕೇಳಿರಬಾರದು. ಮಹಾಪೆಯವರೆಗೆ ಲಾರಿಗಳ ನಡುವೆ ಬೈಕು ಎಂದಿನಂತೆ ಕುಪ್ಪಳಿಸಿತು. ಇನ್ನೂ ನಾಲ್ಕು ವಾಕ್ಯ ಅಭ್ಯಾಸ ಮಾಡುವುದಿತ್ತು, ಹಾಗಾಗಿ ಸುತ್ತು ಹಾಕಿ, ಅಗಲವಾದ, ತಡೆಯಿಲ್ಲದ ಪಾಮ್ ಬೀಚ್ ರಸ್ತೆ ಹಿಡಿದೆ. ಅಲ್ಲಿ ನನ್ನ ಬೈಕು ಬೇರೆಯೇ ಆಯಿತು. ಒಂದು ಜಗ್ಗಿಲ್ಲ, ಮುನಿಸಿಲ್ಲ. ಸಮುದ್ರದ ಹಿನ್ನೀರ ಖಾಡಿಯ ಗಾಳಿಗೆ ಎದುರಾಗಿ ಎಣ್ಣೆ ಸುರಿದಂತೆ ಹರಿಯಿತು. ಸುಧೀರ ಇದನ್ನು ಸರಿಯಾಗಿಯೇ ಮಾಡಿದ್ದ. ತಾನು ದಿನಾ ಓಡಾಡುವ ರಸ್ತೆಯ ಅಳತೆಗೆ ಮಾಡಿದ್ದ, ಅಷ್ಟೆ. ಡೊಂಬಿವಲಿಯ ಅಳತೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಕೊಡಬೇಕಾದವನು ನಾನು, ನಾನು ಪಾಯಸದ ಹೊತ್ತಿಗೆ ಕೋಣ ಎಂದಿದ್ದೆ. ಅಭ್ಯಾಸ ಮಾಡಿಕೊಂಡಿದ್ದ ವಾಕ್ಯಗಳೆಲ್ಲ ಅಲ್ಲೇ ಗಾಳಿಗೆ ಹೋದವು.

ಬಾಗಿಲು ತೆರೆದವನು ಸುಧೀರನೇ. ಬನಿಯನ್ನಿನಲ್ಲಿದ್ದ. ನನ್ನನ್ನು ಕಂಡು ಅಂಗಿ ಹಾಕಿಕೊಳ್ಳಲು ಒಳಗೆ ಓಡಿದ, ಕೂತುಕೊಳ್ಳಿ ಎನ್ನಲು ಮರೆತದ್ದು ಹೊಳೆದು ಅರ್ಧದಿಂದ ವಾಪಸು ಬಂದ, ಮತ್ತೆ ಓಡಿದ.

"ಸುಧೀರ, ಆ ಡಬ್ಬಿ ಬೇಕಿತ್ತು" ಎಂದೆ. "ಹೊಸದೊಂದು ತಂದಿದ್ದೇನೆ. ಹಳೆಯದು ಬಿಡದೆ ಅದು ಒಳಗೆ ಹೋಗುತ್ತಿಲ್ಲ."

ಅವನು ಕಪಾಟಿನಿಂದ ಡಬ್ಬಿ ತಂದ. ನನ್ನ ಬೈಕಿನ ನಂಬರು ಬರೆದ ಚೀಟಿ ಅದಕ್ಕೆ ಅಂಟಿತ್ತು. ಅದನ್ನು ಕೈಯಲ್ಲಿ ತಿರುಗಿಸುತ್ತಾ ಒಂದು ಗಳಿಗೆ ನಿಂತು, "ನಿಜ ಹೇಳ್ತೇನೆ ಭಾವ" ಎಂದ. "ನಾನೂ ನಾಲ್ಕು ತಿಂಗಳಿಂದ ಕಾಯ್ತಾ ಇದ್ದೇನೆ. ಹೊಸ ಗಾಡಿ ತಗೊಂಡೆ. ಈ ಡಬ್ಬಿ ನಿಮ್ಮ ಗಾಡಿಯನ್ನು ಬಿಡುವವರೆಗೆ ನನ್ನದಕ್ಕೆ ಹತ್ತುದಿಲ್ಲ. ಒಂದು ಹೊತ್ತಿಗೆ ಒಂದೇ ಗಾಡಿ ಅದಕ್ಕೆ."

"ಮತ್ತೆ ಫೋನ್ ಮಾಡಬಹುದಿತ್ತಲ್ಲ ಮಾರಾಯ?"

"ನೀವೂ ಮಾಡಬಹುದಿತ್ತಲ್ಲ."

ಆಗ ಇಬ್ಬರಿಗೂ ಒಟ್ಟಿಗೇ ಒಂದು ವಿಷಯ ಹೊಳೆಯಿತು. "ನಿನ್ನ ಅಕ್ಕನಿಗೆ ಗೊತ್ತಿತ್ತಾ?" ಎಂದು ನಾನು ಕೇಳಿದೆ. "ನನ್ನ ಗಾಡಿ ಕಾಯ್ತಾ ಇರುವುದನ್ನು ನಾನು ಮೊದಲ ದಿನವೇ ಹೇಳಿದ್ದೆ" ಎಂದ ಸುಧೀರ. ಬೀನ್ಸ್ ಹೆಚ್ಚುವಾಗ ಅವಳು ತಲೆಯೆತ್ತದ್ದು ಏಕೆಂದು ಆಗ ತಿಳಿಯಿತು. ತಲೆಯೆತ್ತಿದ್ದರೆ ನಗು ಕಾಣುತ್ತಿತ್ತು.

ಕೆಳಗೆ ಪಾರ್ಕಿಂಗಿಗೆ ಹೋದೆವು. ಸುಧೀರ ವಾಚ್‌ಮನ್ನನ ಕೋಣೆಯಿಂದ ಉದ್ದದ ವಯರು ಎಳೆದು ಬ್ಯಾಟರಿಗೆ ಚಾರ್ಜರ್ ಹಚ್ಚಿದ. "ನೋಡಿ ಭಾವ, ಕೀ ಆನ್ ಇರಬೇಕು, ಎಂಜಿನ್ ಆಫ್. ವಾಪಸ್ ಬರೆಯುವಾಗ ನಡುವೆ ಕರೆಂಟು ಹೋದರೆ ಗಾಡಿಯ ಕಂಪ್ಯೂಟರ್ ಸತ್ತ ಹಾಗೆಯೇ. ಯಾವುದನ್ನೂ ಮುಟ್ಟುವುದು ಬೇಡ" ಎಂದ. ಡಬ್ಬಿಯಲ್ಲಿ ಅಂಕಿ ಏರತೊಡಗಿತು. ಹತ್ತು, ಇಪ್ಪತ್ತು, ನಲವತ್ತು. ಅರುವತ್ತೆರಡಕ್ಕೆ ಬಂದು ನಿಂತಿತು. ಆಗ ನನ್ನ ಬಲಗೈ, ನನ್ನನ್ನೊಂದು ಮಾತೂ ಕೇಳದೆ, ಕೀಯ ಕಡೆ ಹೊರಟಿತು. ಸುಮ್ಮನೆ ಉರಿಯುತ್ತಿರುವ ದೀಪವನ್ನು ಆರಿಸದೆ ಬಿಟ್ಟ ಕೈಯಲ್ಲ ಅದು. ಸುಧೀರ ಗಪ್ಪನೆ ನನ್ನ ಮಣಿಕಟ್ಟು ಹಿಡಿದ. "ಭಾವ!" ಎಂದ, ಅಷ್ಟೆ. ಅಂಕಿ ಅರುವತ್ತಮೂರಾಯಿತು. ನೂರು ಆಗುವವರೆಗೂ ಅವನು ನನ್ನ ಕೈ ಬಿಡಲಿಲ್ಲ. ಎರಡನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸೊಬ್ಬರು, ಕೈ ಕೈ ಹಿಡಿದು ಬೈಕನ್ನೇ ದಿಟ್ಟಿಸುತ್ತಿದ್ದ ನಮ್ಮಿಬ್ಬರನ್ನು ನೋಡಿ ಒಳಗೆ ಯಾರನ್ನೋ ಕರೆದರು.

ಬೈಕು ಕಂಪನಿಯ ಲೆಕ್ಕಕ್ಕೆ ಮರಳಿತು. ಕೀ ಆರಿಸಿ, ಸ್ವಲ್ಪ ಬಿಟ್ಟು ಹಚ್ಚಿದಾಗ ಅದು ಶೋರೂಮಿನಿಂದ ಬಂದ ದಿನದ ದನಿಯಲ್ಲೇ ಗುರುಗುಟ್ಟಿತು. ಸುಧೀರನೇ ನನ್ನ ಹೊಸ ಡಬ್ಬಿಯನ್ನು ಸಿಕ್ಕಿಸಿದ. ಹನ್ನೊಂದು ಸಲ ಮುಖ ತಿರುಗಿಸಿದ್ದ ಅದು ಈ ಸಲ ಒಂದೇ ಮಾತಿಗೆ ಒಳಗೆ ಹೋಯಿತು. ಊರೊಳಗಿನ ಲೆಕ್ಕವನ್ನು ಅವನು ಆರಿಸಿ ತುಂಬಿಸಿದ. ಬಳಿಕ ಸೊಸೈಟಿಯ ಸುತ್ತ ಒಂದು ಸುತ್ತು ಹಾಕಿ ಬಂದ. ಬೈಕು ನೀರಿನ ಮೇಲೆ ತೇಲಿದಂತೆ ಬಂತು. ಆಮೇಲೆ ನಾನು ಒಂದು ಸುತ್ತು ಹಾಕಿದೆ. ಗೇಟಿನ ಬಳಿ ಅದು ಕುಪ್ಪಳಿಸಿತು. ಒಂದೇ ಸಲ, ಆದರೆ ಸ್ಪಷ್ಟವಾಗಿ. ತಿರುಗಿ ನೋಡಿದರೆ ಸುಧೀರ ಎರಡನೆಯ ಮಹಡಿಯಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವನು ಆ ಕ್ಷಣ ನುಂಗಿಕೊಂಡ ಮಾತಿಗಾಗಿ ನಾನು ಅವನಿಗೆ ಏನು ಕೊಟ್ಟರೂ ಕಡಿಮೆಯೇ. "ಕ್ಲಚ್ ಸ್ವಲ್ಪ ಕಲಿಸಿಕೊಡು ಮಾರಾಯ" ಎಂದು ನಾನೇ ಕೇಳಿದೆ. ಅರ್ಧ ಗಂಟೆ ಕಲಿಸಿದ. ಐವತ್ತಮೂರರ ವಿದ್ಯಾರ್ಥಿ ಹೇಗಿರುತ್ತಾನೋ ಹಾಗಿದ್ದೆ.

ಮರುದಿನ ಭಾನುವಾರ. ತನ್ನ ಹೊಸ ಗಾಡಿಯ ಸೀಟು ಬಿಚ್ಚಿಟ್ಟಿದ್ದರಿಂದ ಸುಧೀರ ಬೆಳಗ್ಗೆಯೇ ಹೆಲ್ಮೆಟ್ ಹಿಡಿದು ರೈಲಿನಲ್ಲಿ ನಮ್ಮ ಮನೆಗೆ ಬಂದ. ಅಂಬರನಾಥದ ಶಿವಾಲಯಕ್ಕೆ ಹೋಗಿಬರೋಣ ಎಂದು ಶಶಿಕಲಾ ಹಣ್ಣುಕಾಯಿಯ ಚೀಲ ಕಟ್ಟಿಟ್ಟಿದ್ದಳು. ನಾನು ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಇವತ್ತೊಂದು ದಿನ ಸುಧೀರ ಓಡಿಸಲಿ" ಎಂದಳು ಅವಳು, ಬಹಳ ಪ್ರೀತಿಯಿಂದ. "ಗಾಡಿ ಸರಿ ಆಗಿದೆಯಾ ಅಂತ ನನಗೆ ಗೊತ್ತಾಗ್ಬೇಕಲ್ಲ. ನೀವು ಟ್ರೈನಲ್ಲಿ ಬನ್ನಿ. ಹೇಗೂ ನಿಮಗೆ ದಿನಾ ಹೋಗಿ ಅಭ್ಯಾಸ ಉಂಟು."

ಅಕ್ಕ ತಮ್ಮ ಬೈಕಿನಲ್ಲಿ ಹೋದರು. ತಿರುವಿನವರೆಗೂ ನೋಡಿದೆ, ಒಂದು ಕುಪ್ಪಳವಿಲ್ಲ. ನಾನು ಬರುವಾಗಲಾದರೂ ಬೇಕಾದೀತೆಂದು ಒಂದು ಕೈಯಲ್ಲಿ ನನ್ನ ಹೆಲ್ಮೆಟ್, ಇನ್ನೊಂದರಲ್ಲಿ ಹಣ್ಣುಕಾಯಿಯ ಚೀಲ ಹಿಡಿದು ಬದಲಾಪುರದ ಲೋಕಲ್ ಹತ್ತಿದೆ. ಭಾನುವಾರವೂ ಜನ ಒತ್ತಿಕೊಂಡಿದ್ದರು. ಹಿಡಿಕೆ ಹಿಡಿಯಲು ಮೂರನೆಯ ಕೈ ಇಲ್ಲದೆ ನಾನು ವಾಲಾಡುವುದನ್ನು ನೋಡಿ ಪಕ್ಕದವರೊಬ್ಬರು, "ಕಾಕಾ, ತೇ ಡೋಕ್ಯಾತ್ ಘಾಲಾ" ಎಂದರು. ಅದನ್ನು ತಲೆಗೇ ಹಾಕಿಕೊಳ್ಳಿ ಎಂದು. ಸಲಹೆಯಲ್ಲಿ ತಪ್ಪಿರಲಿಲ್ಲ. ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಕಲ್ಯಾಣ, ವಿಠಲವಾಡಿ, ಉಲ್ಹಾಸನಗರ ದಾಟಿ ಅಂಬರನಾಥದವರೆಗೆ ಸುರಕ್ಷಿತವಾಗಿ ನಿಂತುಕೊಂಡೇ ಹೋದೆ.

ದೇವಸ್ಥಾನದ ಬಳಿ ಅವರಿಬ್ಬರೂ ಕಾಯುತ್ತಿದ್ದರು. ಶಶಿಕಲಾಳ ಮುಖ ಗಾಳಿಗೆ ಕೆಂಪಾಗಿತ್ತು. "ನಿಮ್ಮ ಗಾಡಿ ಇಷ್ಟು ಚೆಂದ ಹೋಗ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ಮಾರಾಯ್ರೆ!" ಎಂದಳು. ನನಗೆ ನಿಜಕ್ಕೂ ಹೆಮ್ಮೆಯಾಯಿತು.