ಮೂರು ರೇಡಿಯೇಟರುಗಳ ಪುಟ್ಟ ಎಂಜಿನ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಬೂದಿಗೆರೆ ಸೀಮೆಯವನಾದ ನನ್ನ ನಮಸ್ಕಾರಗಳು. ಇನ್ನೊಂದು ಕೈಯಲ್ಲಿ ಖಾಲಿ ಕ್ಯಾನ್ ಇರುವುದರಿಂದ ಒಂದೇ ಕೈಯಲ್ಲಿ ಮುಗಿದಿದ್ದೇನೆ, ಮನ್ನಿಸಬೇಕು. ತಾವು ಹಳೆಯ ಬೈಕಿನಿಂದ ಇಳಿದು ನಮ್ಮ ಯುವಕ ಸಂಘದ ರೇಸ್ ಕಾರನ್ನು ಏರಿದಂದಿನಿಂದ, ಸೈಟು ಮಾರಾಟವಾಗದ ಲೇಔಟಿನ ರಸ್ತೆಗಳಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿದೆ.

ತಾವು ಎರಡೇ ಸುತ್ತಿಗೆ ಕುದಿಯುತ್ತೀರೆಂದು ಸಂಘದ ನವೀನ್‌ಕುಮಾರ್ ಎಡಕ್ಕೊಂದು ರೇಡಿಯೇಟರ್ ಕಟ್ಟಿದರು. ಆಗಲೂ ಕುದಿದಿರಿ, ಬಲಕ್ಕೊಂದು ಬಂತು. ಈಗ ಬೆನ್ನ ಮೇಲೆ ಮೂರನೆಯದು. ಬೋರ್‌ವೆಲ್ ನೀರಿನಿಂದ ತಮ್ಮ ಕೊಳವೆಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆಂದು, ಉಕ್ಕಿ ಚೆಲ್ಲಿದಷ್ಟನ್ನೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ತುಂಬಿಸುತ್ತಾರೆ. ಅದೇ ಬೋರ್‌ವೆಲ್ ನೀರು ನಮ್ಮ ಮೂತ್ರಪಿಂಡಗಳಿಗೆ ಏನು ಮಾಡುತ್ತದೆಂದು ಸಂಘ ಇನ್ನೂ ಪರೀಕ್ಷಿಸಿಲ್ಲ. ನಾವು ರೇಸಿಗೆ ಇಳಿಯದಿರುವುದೇ ಕಾರಣವಿರಬೇಕು. ಕಳೆದ ಭಾನುವಾರ ಹತ್ತು ಗಂಟೆಗೇ ಘಟಕ ಬರಿದಾಗಿ, ಇಪ್ಪತ್ತು ಮನೆಯವರು ಖಾಲಿ ಕ್ಯಾನ್ ಹೊತ್ತು ಹಿಂದಿರುಗಿದೆವು.

ನಲವತ್ತು ವರ್ಷಗಳ ಹಿಂದೆ ನಮ್ಮ ತೋಟದ ಡೀಸೆಲ್ ಪಂಪು, ತಾನೇ ಎತ್ತಿದ ಬಾವಿನೀರಿನಲ್ಲಿ ಮೈ ತಣಿಸಿಕೊಂಡು ಅದೇ ನೀರನ್ನು ಸೊಪ್ಪಿನ ಪಾತಿಗೆ ಬಿಡುತ್ತಿತ್ತು. ಅಂಥ ಜಿಪುಣತನ ತಮ್ಮಲ್ಲಿಲ್ಲ.

ಕಳೆದ ಭಾನುವಾರವೇ ನೀರಿನ ಸರದಿಯಲ್ಲಿ ಮುಂದಿದ್ದ ಭಾಗ್ಯಮ್ಮನವರು ತಮ್ಮನ್ನು ದಿಟ್ಟಿಸಿ, "ಗಾಳಿ ಬರೋ ಬಾಯಿಗೇ ಬೋರ್ಡ್ ಅಂಟ್ಸಿದ್ದೀಯಲ್ಲಪ್ಪಾ ನವೀನ, ಕಿಟಕಿ ಮುಚ್ಕೊಂಡು ಸೆಕೆ ಅಂದ್ರೆ ಹೆಂಗೆ?" ಎಂದರು. ಆ ಬೋರ್ಡಿನಲ್ಲಿರುವುದು ಟೈರು ಕೊಡಿಸಿದ ನಾಯಕರ ಕೈಮುಗಿದ ಭಾವಚಿತ್ರ. "ಅಣ್ಣನ ಫೋಟೋ ತೆಗ್ಯೋಕಾಗುತ್ತಾ ಭಾಗ್ಯಕ್ಕ? ಇನ್ನೊಂದು ರೇಡಿಯೇಟರ್ ಹಾಕ್ತೀವಿ ಬಿಡಿ" ಎಂಬ ಉತ್ತರ ಬಂತು. ಕೈಮುಗಿದೇ ಗಾಳಿಯನ್ನು ತಡೆದು ನಿಲ್ಲಿಸಬಲ್ಲ ನಾಯಕರು ಬೇರೆ ತಾಲೂಕಿಗೆ ಸಿಕ್ಕಿಲ್ಲವೆಂದು ನಾನು ಹೆಮ್ಮೆಪಡುತ್ತೇನೆ.

ಆದ್ದರಿಂದ ತಾವು ಗಾಳಿಯಿಲ್ಲದೆ ಉಸಿರಾಡುವುದನ್ನು ಕಲಿಯಬೇಕು. ಅದಾಗದಿದ್ದರೆ, ಬೆಂಗಳೂರು ತಾನು ಬಳಸಿದ ಮೇಲೆ ನಮ್ಮ ಕೆರೆಗೆ ಕಳಿಸುವ ನೀರನ್ನು ಕುಡಿಯುವುದನ್ನು ಕಲಿಯಬೇಕು. ಅದೂ ಆಗದಿದ್ದರೆ, ದಯವಿಟ್ಟು ಒಮ್ಮೆ ಮುಂದಕ್ಕೆ ಉಕ್ಕಿ ಆ ಬೋರ್ಡಿನ ಅಂಟನ್ನು ಕರಗಿಸಿಕೊಡಿ. ಊರಿನವರಾರೂ ಕೈ ಹಚ್ಚಲಿಲ್ಲವೆಂದು ನಾವು ಪ್ರಮಾಣ ಮಾಡಬಹುದು.

ತಮ್ಮ ವಿಶ್ವಾಸಿ,
ನೀರಿನ ಸರದಿಯಲ್ಲಿ ತಮ್ಮ ಹಿಂದೆ ನಿಂತಿರುವ
ಸೊಣ್ಣಪ್ಪ

ತಾ.ಕ.: ನಾಲ್ಕನೆಯ ರೇಡಿಯೇಟರನ್ನು ಅಣ್ಣನವರೇ ಕೊಡಿಸುತ್ತಾರಂತೆ. ಅದರ ಬೋರ್ಡಿಗೆ ಉಳಿದಿರುವ ಜಾಗ, ತಮ್ಮ ಬಿಸಿಗಾಳಿ ಹೊರಹೋಗುವ ಹಿಂದಿನ ಕಿಂಡಿ ಮಾತ್ರ. ಭಾನುವಾರದ ಸರದಿಗೆ ನಾನು ಇಂದೇ ಕ್ಯಾನ್ ಇಟ್ಟು ಬಂದಿದ್ದೇನೆ.