ಶುಕ್ರವಾರ ಹನ್ನೆರಡರ ಸರ್ವರ್

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹಿಂದಿನದು ಮುಂದಿನದು ಆಮೇಲೆ. ನಿನ್ನೆ ಶುಕ್ರವಾರ ನಮ್ಮ ಗಂಗಿಯ ಸರ್ವರ್ ಬೀಳಲಿಲ್ಲ. ಹನ್ನೆರಡು ಗಂಟೆಗೆ ಬೀಳಲಿಲ್ಲ, ಹನ್ನೆರಡೂಕಾಲಿಗೆ ಬೀಳಲಿಲ್ಲ, ಎರಡು ಗಂಟೆಗೆ ವ್ಯಾಪಾರ ಮುಗಿಯುವವರೆಗೂ ಕಲ್ಲುಕಂಬದ ಹಾಗೆ ನಿಂತಿತ್ತು. ಮೊಮ್ಮಗಳ ಕೆಲಸ ಉಳಿಯಿತು. ಈ ಮಾತನ್ನು ನಾನು ಬೆಳಗಿನಿಂದ ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಗ್ಯಾಸ್ ತಂದವನಿಗೆ ಹೇಳಿದೆ. ತಪ್ಪಿ ನಮ್ಮ ನಂಬರಿಗೆ ಫೋನ್ ಮಾಡಿದ ಯಾರೋ ಪುಣ್ಯಾತ್ಮನಿಗೂ ಹೇಳಿದೆ. ಆತ ಪಾಪ, ಪೂರ್ತಿ ಕೇಳಿಸಿಕೊಂಡು, "ಒಳ್ಳೇದಾಯ್ತು ಬಿಡವ್ವ, ಮಗೂಗೆ ದೃಷ್ಟಿ ತೆಗಿ" ಅಂದ. ಈಗ ಹೇಳಲು ಯಾರೂ ಸಿಗದೆ ಬರೆಯುತ್ತಾ ಕೂತಿದ್ದೇನೆ.

ಸರ್ವರ್ ಅಂದರೆ ಏನು ಅಂತ ನನ್ನನ್ನು ಕೇಳಿದರೆ ನನಗೆ ತಿಳಿದಷ್ಟು ಹೇಳಬಲ್ಲೆ. ನಾನು ಮಾದಿಹಳ್ಳಿ ಸ್ಕೂಲಿನಲ್ಲಿ ಮೂರನೇ ಕ್ಲಾಸಿನವರೆಗೆ ಹೋದವಳು. ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಓದಿದ್ದೆಂದರೆ ಗೋಡೆ ಕ್ಯಾಲೆಂಡರ್ ಮತ್ತು ಲಗ್ನಪತ್ರಿಕೆ. ಗಂಗಿ ನನ್ನ ಮಗ ಶಿವಣ್ಣನ ಮಗಳು. ಹಾಸನದಲ್ಲಿ ಕಂಪ್ಯೂಟರ್ ಓದಿ ಬಂದು, ಇಲ್ಲೇ ನಮ್ಮೂರಿನ ತೆಂಗು ಬೆಳೆಗಾರರ ಸಂಘದಲ್ಲಿ ಸೇರಿಕೊಂಡಳು. ಒಂದು ವರ್ಷ ನೋಡುತ್ತೇವೆ, ಸರಿ ಕಂಡರೆ ಕಾಯಂ ಮಾಡುತ್ತೇವೆ ಅಂತ ಸಂಘದವರ ಮಾತು. ಅಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಕೊಬ್ಬರಿ ಮಾರಾಟ. ಮೊದಲಾದರೆ ಚೀಟಿಯಲ್ಲಿ ರೇಟು ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಈಗ ಎಲ್ಲಾ ಫೋನಿನಲ್ಲೇ. ಬೆಳಗ್ಗೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಮುಕ್ತಾಯ. ಬೆಳೆಗಾರ ತನ್ನ ಕೊಬ್ಬರಿ ಇಷ್ಟು ಮೂಟೆ ಇದೆ ಅಂತ ಹಾಕುತ್ತಾನೆ, ವರ್ತಕ ರೇಟು ಹಾಕುತ್ತಾನೆ, ಇಬ್ಬರಿಗೂ ಒಪ್ಪಿಗೆಯಾಗಿ, ಸಂಘದಲ್ಲಿ ಮೂಟೆ ತೂಗಿ ಕೊಟ್ಟರೆ ಮುಗಿಯಿತು. ಇಷ್ಟು ಜನರ ಮಾತನ್ನೂ ಒಂದೇ ಸಲ ಕೇಳಿಸಿಕೊಂಡು, ಒಬ್ಬರದು ಇನ್ನೊಬ್ಬರಿಗೆ ಬೆರೆಯದ ಹಾಗೆ ಉತ್ತರ ಕೊಡುವ ಯಂತ್ರವೇ ಸರ್ವರ್. ನಮ್ಮನೆಯಲ್ಲಿ ಆ ಕೆಲಸ ಸೊಸೆ ಸರೋಜ ಮಾಡುತ್ತಾಳೆ.

ಅದನ್ನು ನೋಡಬೇಕು ಅಂತ ಒಂದು ದಿನ ಹಟ ಹಿಡಿದು ಸಂಘಕ್ಕೆ ಹೋದೆ. ನಾನೇನೋ ದೊಡ್ಡದಾಗಿ ಇರುತ್ತೆ ಅಂದುಕೊಂಡಿದ್ದೆ. ಹಳೇ ಗೋಣಿಚೀಲದ ಕೋಣೆಗೆ ಸುಣ್ಣ ಬಳಿದು, ಒಳಗೆ ಒಂದು ಕಬ್ಬಿಣದ ಬೀರು ಇಟ್ಟಿದ್ದಾರೆ. ಅದರ ತುಂಬ ಹಸಿರು ದೀಪ, ಗುಂಯ್ ಅಂತ ಸದ್ದು. ಕೋಣೆಯೋ ಮಾಗಿ ಚಳಿ. ನಾನು ಸೆರಗು ಹೊದ್ದುಕೊಂಡು ನಿಂತೆ. "ಇದಕ್ಯಾಕೇ ಇಷ್ಟು ತಂಪು?" ಅಂದೆ. "ಬಿಸಿಯಾದ್ರೆ ಕೆಡುತ್ತೆ ಅಜ್ಜಿ" ಅಂದಳು. ಕೊಬ್ಬರಿಗಾದರೆ ಅಟ್ಟದ ಮೇಲೆ ಒಂದು ಬೇಸಿಗೆ ಪೂರ್ತಿ ಬೇಕು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುವವರೆಗೂ ಕಾಯಬೇಕು. ಕೊಬ್ಬರಿ ಮಾರುವ ಯಂತ್ರಕ್ಕೆ ಮಾತ್ರ ಚಳಿ. ನಾನು ಸುಮ್ಮನೆ ಬರಬಾರದು ಅಂತ ಸೊಂಟದಲ್ಲಿದ್ದ ವಿಭೂತಿ ತೆಗೆದು ಬೀರುವಿಗೆ ಮೂರು ಬೆರಳು ಎಳೆಯಲು ಹೋದೆ. ಗಂಗಿ ನನ್ನ ಕೈ ಹಿಡಿದುಕೊಂಡು, "ಪುಡಿ ಒಳಕ್ಕೆ ಹೋಗುತ್ತೆ, ಬಾಗಿಲಿಗೆ ಹಚ್ಚು" ಅಂದಳು. ಬಾಗಿಲಿಗೆ ಹಚ್ಚಿ ಬಂದೆ. ಈಗಲೂ ಇದೆ, ಬೇಕಾದರೆ ಹೋಗಿ ನೋಡಿ.

ಆದರೆ ಆ ಬೀರು ಒಂದರಿಂದಲೇ ಆಗುವುದಿಲ್ಲವಂತೆ. ಮಂಗಳವಾರ ಅದಕ್ಕೆ ಕೆಲಸವೇ ಇಲ್ಲ, ನೊಣ ಹೊಡೆಯುತ್ತಾ ಕೂತಿರುತ್ತೆ. ಮಾರಾಟದ ದಿನ ಉಸಿರಾಡಲು ಬಿಡುವಿರುವುದಿಲ್ಲ. ಅದಕ್ಕೆ ಗಂಗಿ, ಜನ ಜಾಸ್ತಿಯಾದಾಗ ಕ್ಲೌಡಿನಿಂದ ಹೆಚ್ಚಿನ ಯಂತ್ರ ತರುತ್ತಾಳೆ. ಕ್ಲೌಡು ಅಂದರೆ ಮೋಡ ಅಂತ ಸರೋಜ ಹೇಳಿದಳು, ಆದರೆ ಅದು ಮೋಡವಲ್ಲ, ಎಲ್ಲೋ ಇನ್ನೊಬ್ಬರ ಕಟ್ಟಡದಲ್ಲಿರುವ ಇಂಥವೇ ಬೀರುಗಳು, ಬಾಡಿಗೆಗೆ. ಇದನ್ನು ಗಂಗಿ ಅರ್ಧ ಗಂಟೆ ವಿವರಿಸಿದಳು. ನಾನು, "ಇಷ್ಟೇ ತಾನೆ, ಮಠದ ಕೊಪ್ಪರಿಗೆ" ಅಂದೆ. ದಿನಾ ಅಡಿಗೆಗೆ ಮನೆ ಪಾತ್ರೆ ಸಾಕು. ಮದುವೆ, ಗೃಹಪ್ರವೇಶ ಬಂದರೆ ಮಠಕ್ಕೆ ಹೋಗಿ ಕೊಪ್ಪರಿಗೆ, ಜಾಲರಿ, ದೊಡ್ಡ ಸೌಟು ಎಲ್ಲಾ ತರುತ್ತೇವೆ. ಊಟ ಮುಗಿದ ಮೇಲೆ ಬೆಳಗಿ ವಾಪಸ್. ದಿನಕ್ಕೆ ಐದು ಜನ ಉಣ್ಣುವ ಮನೆಯಲ್ಲಿ ವರ್ಷವೆಲ್ಲಾ ಕೊಪ್ಪರಿಗೆ ಇಟ್ಟುಕೊಂಡು ಏನು ಮಾಡುವುದು, ಅದರಲ್ಲಿ ಬೆಕ್ಕು ಮರಿ ಹಾಕುತ್ತೆ ಅಷ್ಟೇ. ಗಂಗಿ ನನ್ನನ್ನು ನೋಡಿ, "ನಮ್ಮ ಮೇಷ್ಟ್ರು ಒಂದು ಸೆಮಿಸ್ಟರ್ ತಗೊಂಡ್ರು ಇದನ್ನ ಹೇಳೋಕೆ" ಅಂದಳು. ಹಾಗಾದರೆ ಎಲ್ಲವನ್ನೂ ಕ್ಲೌಡಿಗೇ ಕಳಿಸಿಬಿಡಬಾರದೇನೇ ಅಂತ ಕೇಳಿದ್ದಕ್ಕೆ, ಸದಸ್ಯರ ಹೆಸರು, ಜಮೀನು, ಲೆಕ್ಕದ ಪುಸ್ತಕ ಎಲ್ಲಾ ಇಲ್ಲೇ ಇರಬೇಕು ಅಂತ ಸಂಘದ ನಿಯಮ ಅಂದಳು. ಅದೂ ಸರಿಯೇ. ಅನ್ನ ಬೇಯಿಸಲು ಕೊಪ್ಪರಿಗೆ ತರುತ್ತೇವೆಯೇ ಹೊರತು ದೇವರ ಪೆಟ್ಟಿಗೆಯನ್ನು ಯಾರೂ ಹೊತ್ತುಕೊಂಡು ಹೋಗಿ ಇನ್ನೊಬ್ಬರ ಮನೆಯಲ್ಲಿ ಇಡುವುದಿಲ್ಲ.

ಇಷ್ಟೆಲ್ಲಾ ಚೆನ್ನಾಗಿ ನಡೆದುಕೊಂಡು ಹೋಗುತ್ತಿತ್ತು. ಸೋಮವಾರ ಸರಿ, ಬುಧವಾರ ಸರಿ. ಶುಕ್ರವಾರ ಬಂತೆಂದರೆ ಸರ್ವರ್ ಬೀಳುತ್ತಿತ್ತು. ಒಂದಲ್ಲ, ಸಾಲಾಗಿ ಮೂರು ಶುಕ್ರವಾರ. ಹನ್ನೆರಡು ಗಂಟೆ ಹೊಡೆಯಿತು ಅನ್ನುವಷ್ಟರಲ್ಲಿ ಎಲ್ಲರ ಫೋನಿನಲ್ಲೂ ಒಂದು ಬಿಳಿ ಚಕ್ರ ತಿರುಗುತ್ತಾ ನಿಲ್ಲುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ನನ್ನ ತವರಿನ ಕಡೆಯ ಬಸಪ್ಪ, ವಯಸ್ಸಾದವರು, ಮೂರನೇ ಶುಕ್ರವಾರ ಮಾದಿಹಳ್ಳಿಯಿಂದ ಲಗೇಜ್ ಆಟೋದಲ್ಲಿ ಕೊಬ್ಬರಿ ಮೂಟೆ ಹೇರಿಕೊಂಡು ಬಂದಿದ್ದರು. ಮಾರಾಟವಾಗದೆ ಅದೇ ಆಟೋದಲ್ಲಿ ವಾಪಸ್ ಹೇರಿಕೊಂಡು ಹೊರಟರು. ಹೋಗುವಾಗ ನಮ್ಮ ಮನೆ ಮುಂದೆ ಇಳಿದು ನೀರು ಕುಡಿದು, "ನಿನ್ನ ಮೊಮ್ಮಗಳನ್ನೇನೂ ಅನ್ನಲ್ಲ ಕಣವ್ವ, ಆದ್ರೆ ಚೀಟಿ ಕಾಲದಾಗೆ ಪೆಟ್ಟಿಗೆ ಯಾವತ್ತೂ ಬೀಳ್ತಿರಲಿಲ್ಲ" ಅಂದರು. ಊಟಕ್ಕೆ ಬಂದು ಒಳಗೆ ಕೂತಿದ್ದ ಗಂಗಿಗೆ ಕೇಳಿಸಿತು. ಆವತ್ತು ಮಗು ಮಧ್ಯಾಹ್ನದ ಊಟ ಮುಟ್ಟಲಿಲ್ಲ.

ಸಂಘದ ಅಧ್ಯಕ್ಷರು ಕರೆದು ಹೇಳಿದರಂತೆ, "ನೋಡಮ್ಮ, ಇನ್ನೊಂದು ಶುಕ್ರವಾರ ಬಿದ್ರೆ ನಾವು ಹೊರಗಿನ ಕಂಪನಿಗೆ ಕೊಡ್ತೀವಿ. ಆಮೇಲೆ ನಿನಗೆ ಇಲ್ಲಿ ಕೆಲಸ ಇರಲ್ಲ." ಅವರ ತಪ್ಪೂ ಇಲ್ಲ, ಬಾಗಿಲಿಗೆ ಬಂದು ಬೈಯುವವರು ಅವರನ್ನೇ ತಾನೆ ಬೈಯುವುದು. ಗಂಗಿ ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡು ನೋಡಿದ್ದೇ ನೋಡಿದ್ದು. ನಮ್ಮ ಯಜಮಾನರು ತಮಗೆ ತಿಳಿದ ಪರಿಹಾರ ಹೇಳಿದರು, "ಒಂದು ಸಲ ಆಫ್ ಮಾಡಿ ಆನ್ ಮಾಡು." ಅವರು ರೇಡಿಯೋವನ್ನೂ ಹಾಗೇ ರಿಪೇರಿ ಮಾಡಿ ಮೂಲೆಗೆ ಸೇರಿಸಿದವರು.

ಭಾನುವಾರ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಗಂಗಿ ಪಕ್ಕಕ್ಕೆ ಬಂದು ಕೂತು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಯಾರಿಗಾದರೂ ತೋರಿಸಬೇಕಿತ್ತು ಅವಳಿಗೆ, ನಾನು ಸಿಕ್ಕೆ. ಒಂದು ಗೆರೆ. ಎಷ್ಟು ಜನ ಬಂದರು ಅಂತ ಹೇಳುವ ಗೆರೆಯಂತೆ. "ನೋಡಜ್ಜಿ, ಶುಕ್ರವಾರ. ಒಂಬತ್ತಕ್ಕೆ ಜನ ಬರ್ತಾರೆ, ನಾನು ಕ್ಲೌಡಿಂದ ಯಂತ್ರ ತರ್ತೀನಿ. ಹತ್ತೂವರೆಗೆ ಇದ್ದಕ್ಕಿದ್ದಂಗೆ ಎಲ್ಲಾ ಖಾಲಿ. ಜನ ಇಲ್ಲ ಅಂತ ಯಂತ್ರ ತಾನಾಗೇ ವಾಪಸ್ ಹೋಗುತ್ತೆ, ನಾನೇ ಹಂಗೆ ಮಾಡಿಟ್ಟಿದೀನಿ. ಹನ್ನೆರಡಕ್ಕೆ ಸರಿಯಾಗಿ ನೋಡು, ಊರಿಗೆ ಊರೇ ಬಂದು ಬೀಳುತ್ತೆ. ಹೊಸ ಯಂತ್ರ ಎದ್ದು ಬರೋಕೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ನಂದು ಬಿದ್ದೋಗಿರುತ್ತೆ. ಈ ಒಂದೂವರೆ ಗಂಟೆ ಎಲ್ಲರೂ ಎಲ್ಲಿಗೆ ಹೋಗ್ತಾರೆ ಅಂತಾನೇ ಗೊತ್ತಾಗ್ತಿಲ್ಲ."

ನಾನು ಗೆರೆ ನೋಡಿದೆ. ಹತ್ತೂವರೆಗೆ ಹಳ್ಳಕ್ಕೆ ಇಳಿದು, ಹನ್ನೆರಡಕ್ಕೆ ತೆಂಗಿನಮರದ ಹಾಗೆ ನೆಟ್ಟಗೆ ಎದ್ದಿತ್ತು.

"ಎಲ್ಲಿಗೂ ಹೋಗಿಲ್ಲ ಕಣೇ, ಫೋನ್ ಕೈಲಿಟ್ಕೊಂಡು ಜಗಲಿ ಮೇಲೆ ಕೂತಿರ್ತಾರೆ" ಅಂದೆ. "ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಅಲ್ವಾ. ಯಾವನಾದ್ರೂ ರಾಹುಕಾಲದಾಗೆ ರೇಟು ಹಾಕ್ತಾನಾ?"

ಗಂಗಿ ಗೆರೆ ನೋಡಿದಳು, ನನ್ನನ್ನು ನೋಡಿದಳು. ಅವರೆಕಾಯಿ ಸಿಪ್ಪೆ ಹಿಡಿದುಕೊಂಡು ಹಾಗೇ ಕೂತಳು. ಆಮೇಲೆ, "ಬುಧವಾರ ಹೇಳು, ಗೆರೆ ನೋಡದೆ ಹೇಳು" ಅಂದಳು. ಬುಧವಾರ ಹನ್ನೆರಡರಿಂದ ಒಂದೂವರೆ, ಅದಕ್ಕೆ ಎಲ್ಲರೂ ಬೆಳಗ್ಗೆಯೇ ಮುಗಿಸಿಕೊಳ್ಳುತ್ತಾರೆ ಅಂದೆ. ಸೋಮವಾರ? ಸೋಮವಾರ ಒಂಬತ್ತಕ್ಕೇ ರಾಹು ಮುಗಿಯುತ್ತೆ, ನಿನ್ನ ಮಾರಾಟ ಶುರುವಾಗುವುದೂ ಒಂಬತ್ತಕ್ಕೆ, ತೊಂದರೆಯೇ ಇಲ್ಲ ಅಂದೆ. ಅವಳು ಒಂದೊಂದೇ ಗೆರೆ ತೆಗೆದು ನೋಡಿದಳು. ನಾನು ಹೇಳಿದ ಹಾಗೇ ಇತ್ತು. ಎದ್ದುಹೋಗಿ ಅಡಿಗೆಮನೆ ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರನ್ನು ಕಿತ್ತುಕೊಂಡು ಬಂದಳು. ಒಲೆ ಹೊಗೆ ಹಿಡಿದು, ಹಾಲಿನ ಲೆಕ್ಕ ಗೀಚಿ ಗೀಚಿ ತೂತಾಗಿದ್ದ ಕ್ಯಾಲೆಂಡರು. ನಾನು ಹುಟ್ಟಿದಾಗಿನಿಂದ ಕಂಡ ವಿಷಯ ಅದು, ಅವಳು ಹುಟ್ಟಿದಾಗಿನಿಂದ ಕಾಣದೆ ಓಡಾಡಿದ ವಿಷಯ. ಅವಳನ್ನು ಬೈಯುವ ಹಾಗಿಲ್ಲ. ರಾಹುಕಾಲದಲ್ಲಿ ಮನೆ ಬಿಡಬೇಡ ಅಂತ ನಾನು ಹೇಳಿದಾಗಲೆಲ್ಲಾ ಅವಳು ನಕ್ಕೊಂಡು ಬಿಟ್ಟಿದ್ದಾಳೆ, ಏನೂ ಆಗಿಲ್ಲ.

ಬುಧವಾರ ಸಂಘದ ಸಭೆಯಲ್ಲಿ ಗಂಗಿ ಇದನ್ನೇ ಹೇಳಿದಳಂತೆ. ಶುಕ್ರವಾರ ಹನ್ನೊಂದೂವರೆಗೇ ಹೆಚ್ಚಿನ ಯಂತ್ರಗಳನ್ನು ಎಬ್ಬಿಸಿ ನಿಲ್ಲಿಸುತ್ತೇನೆ, ಎರಡು ಗಂಟೆಗೆ ಕಳಿಸುತ್ತೇನೆ, ಒಪ್ಪಿಗೆ ಕೊಡಿ ಅಂತ. ಅಧ್ಯಕ್ಷರು ಕನ್ನಡಕ ತೆಗೆದು, "ಅಲ್ಲಮ್ಮ, ನಮ್ಮ ಸದಸ್ಯರು ತಿಳಿದೋರು, ರಾಹುಕಾಲ ಗೀಹುಕಾಲ ಅಂತ ಠರಾವಿನಾಗೆ ಬರೆಯೋಕಾಯ್ತದಾ, ನಾಳೆ ಓದಿದೋರು ನಗಾಕಿಲ್ವಾ" ಅಂದರಂತೆ. ಕೊನೆಗೆ 'ಸ್ಥಳೀಯ ಬಳಕೆಯ ಸಮಯಕ್ಕೆ ತಕ್ಕಂತೆ' ಅಂತ ಬರೆಸಿದರು. ಅಷ್ಟರಲ್ಲಿ ಯಾರೋ ಗಡಿಯಾರ ನೋಡಿ, ಹನ್ನೆರಡಕ್ಕೆ ಐದು ನಿಮಿಷ ಇದೆ ಅಂದರು. ಅಧ್ಯಕ್ಷರು ಓದುವುದನ್ನು ಅಲ್ಲಿಗೇ ಬಿಟ್ಟು, ಕನ್ನಡಕ ಕೂಡ ಹಾಕಿಕೊಳ್ಳದೆ, ಬೇಗ ಬೇಗ ಸಹಿ ಹಾಕಿದರಂತೆ. ಬುಧವಾರ ಹನ್ನೆರಡಕ್ಕೆ ರಾಹು ಶುರು.

ನಿನ್ನೆ ಬೆಳಗ್ಗೆ ಗಂಗಿ ಏನೂ ತಿನ್ನದೆ ಹೋದಳು. ನಾನೂ ತಿನ್ನಲಿಲ್ಲ, ಆದರೆ ನನ್ನದು ಶುಕ್ರವಾರದ ಒಪ್ಪತ್ತು ಅಂತ ಯಾರೂ ಕೇಳಲಿಲ್ಲ. ಪೂಜೆ ಮುಗಿಸಿ ಸರೋಜಳ ಹಳೇ ಫೋನು ಹಿಡಿದು ಕೂತೆ. ಯಜಮಾನರ ಸದಸ್ಯ ನಂಬರು ಒತ್ತಿದರೆ ಸಂಘದ ಪುಟ ಬರುತ್ತೆ, ಅಷ್ಟು ನನಗೆ ಗಂಗಿಯೇ ಕಲಿಸಿದ್ದಾಳೆ. ಬಿಕ್ಕೋಡಿನಲ್ಲಿರುವ ನನ್ನ ತಂಗಿಗೆ, "ನೀನೂ ನೋಡ್ತಾ ಇರು, ಬಿದ್ರೆ ತಕ್ಷಣ ಹೇಳು" ಅಂದೆ. ನಮ್ಮ ಬೀದಿಯ ಭಜನೆ ಹೆಂಗಸರಿಗೂ ಒಂದು ಮಾತು ಹೇಳಿಟ್ಟೆ, ಅವರ ಮನೆಗಳಲ್ಲೂ ಸದಸ್ಯ ನಂಬರು ಇದೆ. ಹನ್ನೊಂದಕ್ಕೆ ಪುಟ ಬಂತು. ಬೆರಳಲ್ಲಿ ಕೆಳಕ್ಕೆ ಎಳೆದರೆ ಹೊಸದಾಗಿ ಬರುತ್ತೆ, ಎಳೆದೆ, ಬಂತು. ಹನ್ನೆರಡಾಯಿತು. ಎಳೆದೆ. ಬಿಳಿ ಚಕ್ರ ಒಂದು ಸುತ್ತು ತಿರುಗಿತು, ನನ್ನ ಎದೆಯೂ ಅದರ ಜೊತೆ ಒಂದು ಸುತ್ತು ತಿರುಗಿತು, ಪುಟ ಬಂತು. ಮತ್ತೆ ಎಳೆದೆ, ಬಂತು. ಎರಡು ಗಂಟೆಯವರೆಗೆ ನನ್ನ ಕೆಲಸ ಇದೇ. ಮೂರಕ್ಕೆ ಬಸಪ್ಪನವರ ಫೋನು, "ಮೂಟೆ ಅಷ್ಟೂ ಹೋಯ್ತು ಕಣವ್ವ, ಒಳ್ಳೇ ರೇಟಿಗೆ." ಅವರ ಹಿಂದೆಯೇ ಗಂಗಿಯದು. "ಅಜ್ಜಿ, ಬೀಳಲಿಲ್ಲ. ಕಾಯಂ ಮಾಡ್ತಾರಂತೆ" ಅಂದಳು. ಫೋನಿನಲ್ಲಿ ಮೂಗು ಒರೆಸಿಕೊಂಡ ಸದ್ದು ಯಾರದು ಅಂತ ಈಗ ಯಾಕೆ.

ಸಂಜೆ ಪಕ್ಕದ ಮನೆಯಿಂದ ದೊಡ್ಡ ಬಾಣಲೆ, ಅಗಲದ ತವಾ ತಂದು, ಕಾಯಿ ಹೋಳಿಗೆ ಮಾಡಿದೆ. ಮುದ್ದೆ, ಅವರೆಕಾಳಿನ ಸಾರು, ಅನ್ನ. ಶಿವಣ್ಣ ಅಂಗಡಿ ಬೇಗ ಮುಚ್ಚಿ ಬಂದ. ಯಜಮಾನರು ಒಗೆದ ಪಂಚೆ ಉಟ್ಟು ಬಂದು ಮೊದಲ ಎಲೆಗೆ ಕೂತರು. ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿರುವಾಗ ಗಂಗಿ, "ಇವತ್ತಿನದೆಲ್ಲಾ ಲೆಕ್ಕ ತೆಗೆದು ನೋಡಿದೆ" ಅಂತ ಶುರು ಮಾಡಿದಳು. "ಒಂದು ವಿಚಿತ್ರ. ಒಬ್ಬ ಸದಸ್ಯರು ಹನ್ನೊಂದರಿಂದ ಎರಡು ಗಂಟೆವರೆಗೆ ನಿಮಿಷಕ್ಕೆ ಎರಡು ಮೂರು ಸಲ ಪುಟ ತೆಗೆದಿದಾರೆ. ಕೊಬ್ಬರಿ ಹಾಕಿಲ್ಲ, ರೇಟು ಕೇಳಿಲ್ಲ, ಬರೀ ತೆಗೆಯೋದು. ಹಿಂದಿನ ಮೂರು ಶುಕ್ರವಾರ ತೆಗೆದು ನೋಡಿದ್ರೆ ಆವತ್ತೂ ಅವರೇ. ಸರ್ವರ್ ಬಿದ್ದಾಗಂತೂ ಇನ್ನೂ ಜೋರು. ಜೊತೆಗೆ ಬಿಕ್ಕೋಡಿಂದ ಒಬ್ಬರು."

"ಯಾರೇ ಅವನು, ಕೆಲಸ ಇಲ್ದೋನು?" ಅಂದರು ಯಜಮಾನರು.

"ನಂಬರು ನಿಮ್ದೇ ತಾತ."

ಯಜಮಾನರು ಮುದ್ದೆ ಮುರಿಯುವುದನ್ನು ನಿಲ್ಲಿಸಿ, ಜೇಬಿನಿಂದ ತಮ್ಮ ಗುಂಡಿ ಫೋನು ತೆಗೆದು ಎಲ್ಲರಿಗೂ ತೋರಿಸಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನನ್ನ ಕಡೆ ತಿರುಗಿದರು. ಸರೋಜ ಸೆರಗು ಬಾಯಿಗೆ ಅಡ್ಡ ಹಿಡಿದಳು. ಮೊಮ್ಮಗಳ ಸರ್ವರ್ ನಿಲ್ಲಲಿ ಅಂತ ನಾನು ಮೂರು ವಾರ ಕೈಯಾರೆ ಅದರ ಮೇಲೆ ಹತ್ತಿ ಕೂತಿದ್ದೆ.

"ಬಿಡಿ" ಅಂದಳು ಗಂಗಿ, "ಮುಂದಿನ ಶುಕ್ರವಾರಕ್ಕೆ ಅಜ್ಜಿಗೆ ಅಂತಲೇ ಒಂದು ಯಂತ್ರ ಜಾಸ್ತಿ ತರ್ತೀನಿ."

ಅವಳ ಎಲೆಗೆ ಬಿಸಿ ಹೋಳಿಗೆ ಎರಡು ಹಾಕಿ ತುಪ್ಪ ಬಿಟ್ಟೆ. ಪಕ್ಕದ ಮನೆ ಬಾಣಲೆಯಲ್ಲಿಟ್ಟು ಕಳಿಸಲು ನಾಲ್ಕು ಹೋಳಿಗೆ ಎತ್ತಿಟ್ಟೆ, ತಂದ ಪಾತ್ರೆಯನ್ನು ಬರಿದು ಮಾಡಿ ಕೊಡಬಾರದಲ್ಲ. ಆಮೇಲೆ ಅವರ ಜೊತೆಯಲ್ಲೇ ಕೂತು, ರಾತ್ರಿ ಉಣ್ಣದ ಒಪ್ಪತ್ತು ಮರೆತು, ಎಲ್ಲರಿಗಿಂತ ಒಂದು ಹೋಳಿಗೆ ಜಾಸ್ತಿ ತಿಂದೆ.