ಶುಕ್ರವಾರದ ಮುಖ

ಮೂವತ್ತೇಳನೆಯ ವಯಸ್ಸಿನಲ್ಲಿ ಸಂಕಪ್ಪನಿಗೆ ಮೊಡವೆ ಎದ್ದಿತು. ಒಂದಲ್ಲ, ಹನ್ನೊಂದು. ದೊಡ್ಡದು ಮೂಗಿನ ತುದಿಯಲ್ಲಿ, ಗಿಡದ ಮೊದಲ ಮೆಣಸಿನ ಹಣ್ಣಿನಂತೆ ಕೆಂಪಗೆ ಕೂತಿತ್ತು.

ಬೇರೆ ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಈ ಶುಕ್ರವಾರ ನಾಲ್ಕು ಗಂಟೆಗೆ ಹೆಂಡತಿ ವಾರಿಜಾ ಮಗಳನ್ನು ಕರೆದುಕೊಂಡು ವಿಡಿಯೊ ಕರೆಗೆಂದು ಊರಿನ ಸೈಬರ್ ಅಂಗಡಿಗೆ ಬರುವವಳಿದ್ದಳು. ಅವನು ದೋಹಾಕ್ಕೆ ಹೊರಟಾಗ ಮೋಕ್ಷಾ ನಾಲ್ಕು ತಿಂಗಳ ಕೂಸು. ಈಗ ಮೂರು ವರ್ಷ. ಗೋಡೆಯಲ್ಲಿರುವ ಅಪ್ಪನ ಫೋಟೊಗೆ ಮುತ್ತು ಕೊಡದೆ ಮಲಗುವುದಿಲ್ಲವಂತೆ. ಮಾತಾಡುವ, ಅಲುಗಾಡುವ ಅಪ್ಪನನ್ನು ಅವಳು ನೋಡುವುದು ಇದೇ ಮೊದಲು.

ಆ ಫೋಟೊದಿಂದಲೇ ಎಲ್ಲ ಶುರುವಾದದ್ದು. ಸ್ಟುಡಿಯೊದವನು ಅದರಲ್ಲಿ ಧಾರಾಳವಾಗಿ ಬಿಳಿ ಸುರಿದಿದ್ದ. ಇಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಶಟರಿಂಗ್ ಕೆಲಸದ ಬಿಸಿಲಿಗೆ ಸಂಕಪ್ಪನ ಮುಖ ದೋಸೆ ಕಾವಲಿಯ ತಳದಂತಾಗಿತ್ತು. ಮಗಳು ಗುರುತು ಹಿಡಿಯದಿದ್ದರೆ? ಮಂಚದಡಿಯ ಪೆಟ್ಟಿಗೆಯಲ್ಲಿ ಊರಿಗೆಂದು ಕೂಡಿಸಿಟ್ಟಿದ್ದ ಸೋಪು, ಸೆಂಟುಗಳ ನಡುವಿನಿಂದ ಬೆಳ್ಳಗಾಗುವ ಕ್ರೀಮೊಂದನ್ನು ಎತ್ತಿಕೊಂಡು ತಿಂಗಳಿಡೀ ಬೆಳಿಗ್ಗೆ, ಸಂಜೆ ಬಳಿದುಕೊಂಡ. ಬಿಳಿ ಬರಲಿಲ್ಲ. ಮೊಡವೆ ಬಂತು.

“ಎಂತದು ಸಂಕಪ್ಪ, ಈ ಪ್ರಾಯದಲ್ಲಿ ಹೈಸ್ಕೂಲಿಗೆ ಸೇರಿದೆಯಾ?” ದೋಹಾದ ನಜ್ಮಾ ಬಡಾವಣೆಯಲ್ಲಿ ಅವರೆಲ್ಲ ಒಟ್ಟಿಗಿದ್ದ ಕೋಣೆಗೆ ಹಿರಿಯನಾದ ಮೊಯ್ದಿನ್ ಕುಂಞಿ ನಕ್ಕ. ಕೆಫೆಟೇರಿಯಾದಲ್ಲಿ ಪರೋಟ ಬಡಿಯುವ ಕೈ ಅವನದು. ಅದೇ ಕೈಯಲ್ಲಿ ಹನ್ನೊಂದಕ್ಕೂ ಟೂತ್‌ಪೇಸ್ಟ್ ಮೆತ್ತಿದ. “ಹತ್ತು ನಿಮಿಷ. ಖಲಾಸ್!”

ಹತ್ತು ನಿಮಿಷದಲ್ಲಿ ಮೊಡವೆಗಳ ಸುತ್ತಲಿನ ಚರ್ಮವೂ ಕೆಂಪಾಯಿತು. ಸಂಕಪ್ಪ ಕೆಳಗಿನ ಔಷಧಿ ಅಂಗಡಿಗೆ ಓಡಿದ. ಅಲ್ಲಿ ಕಾಸರಗೋಡಿನವನೊಬ್ಬ ಕ್ರೀಮಿನ ಡಬ್ಬಿಯನ್ನು ತಿರುಗಿಸಿ ನೋಡಿ, “ಈ ಪ್ರಾಯದಲ್ಲಿ ಹೆಚ್ಚಾಗಿ ಇಂಥದ್ದು ಹಚ್ಚಿಯೇ ಬರುವುದು. ಇದರ ಜಿಡ್ಡು ರಂಧ್ರ ಮುಚ್ಚುತ್ತದೆ. ಹಚ್ಚುವುದು ಬಿಡಿ, ತಾನಾಗಿ ಹೋಗ್ತದೆ” ಎಂದ.

“ನಾಲ್ಕು ಗಂಟೆಯೊಳಗೆ ಹೋಗ್ತದಾ?”

ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಸಂಕಪ್ಪ ಕೋಣೆಗೆ ಬಂದು ಔಷಧಿಯವನ ಮಾತನ್ನು ಮೊಯ್ದಿನ್ ಕುಂಞಿಗೆ ಹೇಳಿ, ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದ. ಅಷ್ಟರಲ್ಲಿ ಸೂಪರ್ ಮಾರ್ಕೆಟಿನ ಸೌಂದರ್ಯ ಸಾಮಗ್ರಿಯ ಕೌಂಟರಿನಲ್ಲಿ ನಿಲ್ಲುವ ರೆಮಿಜಿಯಸ್ ಪಕ್ಕದ ಮಂಚದಲ್ಲಿ ನಿದ್ದೆಯಿಂದ ಎದ್ದ. “ಹೋಗ್ಲಿಕ್ಕೆ ಯಾಕೆ ಸಂಕಪ್ಪಣ್ಣ? ಮುಚ್ಚಿದ್ರೆ ಸಾಕಲ್ಲ. ನೀರು ಬಿದ್ರೂ ಹೋಗದ ಮಾಲು ಉಂಟು ನನ್ನತ್ರ” ಎಂದು ಫೌಂಡೇಶನ್ ತಂದು ಮೂರು ಪದರ ಹಚ್ಚಿದ. ಕನ್ನಡಿಯಲ್ಲಿ ಸಂಕಪ್ಪ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಂತೆ ಹೊಳೆದ. ನಗಬೇಡಿ, ಬಿರುಕು ಬಿಡುತ್ತದೆ ಎಂದೂ ರೆಮಿಜಿಯಸ್ ಎಚ್ಚರಿಸಿದ.

ನಾಲ್ಕಕ್ಕೆ ಸಂಕಪ್ಪ ಕೂತ ದೋಹಾದ ಇಂಟರ್ನೆಟ್ ಅಂಗಡಿಯ ಪರದೆಯಲ್ಲಿ ವಾರಿಜಾ ಮೂಡಿದಳು. ಅವಳ ತೊಡೆಯ ಮೇಲೆ ಎರಡು ಜಡೆ, ಎರಡು ದೊಡ್ಡ ಕಣ್ಣು. ಮಗು ಎದೆಗೆ ಏನನ್ನೋ ಅವುಚಿಕೊಂಡಿತ್ತು. ಸಂಕಪ್ಪ ಪರದೆಯ ಹತ್ತಿರಕ್ಕೆ ಬಾಗಿದ.

“ನೋಡು ಮಗಾ, ಪಪ್ಪ!” ಎಂದಳು ವಾರಿಜಾ.

ಮೋಕ್ಷಾ ನೋಡಿಯೇ ನೋಡಿದಳು. ಆಮೇಲೆ, “ಇದು ಪಪ್ಪ ಅಲ್ಲ” ಎಂದಳು.

“ನಾನೇ ಮಗಾ!”

“ಅಲ್ಲ. ನನ್ನ ಪಪ್ಪನಿಗೆ ಬೊಟ್ಟು ಉಂಟು!” ಮಗು ಅವುಚಿಕೊಂಡಿದ್ದ ಗೋಡೆಯ ಫೋಟೊವನ್ನು ಕ್ಯಾಮೆರಾಕ್ಕೆ ಹಿಡಿಯಿತು. ಬೆಳ್ಳಗಿನ ಸಂಕಪ್ಪನ ಕೆನ್ನೆ, ಹಣೆ, ಗಲ್ಲದ ತುಂಬ ಕಂದು ಚುಕ್ಕೆಗಳು. ಮೂಗಿನ ತುದಿಯಲ್ಲೊಂದು ದೊಡ್ಡದು.

“ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು ಮಾರಾಯ್ರೆ” ವಾರಿಜಾ ನಕ್ಕಳು. “ಒರೆಸ್ಲಿಕ್ಕೆ ಬಿಡುದಿಲ್ಲ ಇವಳು. ಒಂದೊಂದು ಬೊಟ್ಟಿಗೂ ಮುತ್ತು ಕೊಡ್ತಾಳೆ.”

“ಒಂದು ನಿಮಿಷ! ಎಲ್ಲಿಗೂ ಹೋಗ್ಬೇಡಿ!”

ಸಂಕಪ್ಪ ಅಂಗಡಿಯ ಹಿಂದಿನ ನಲ್ಲಿಗೆ ಓಡಿದ. ರೆಮಿಜಿಯಸ್‌ನ ಮಾಲು ಹೇಳಿದಂತೆಯೇ ಅಪ್ಪಟವಾಗಿತ್ತು, ನೀರಿಗೆ ಜಪ್ಪಯ್ಯ ಅನ್ನಲಿಲ್ಲ. ಅಂಗಿಯ ತುದಿಯಿಂದ ಉಜ್ಜಿ ಉಜ್ಜಿ, ಹನ್ನೊಂದೂ ಹೊರಬಂದ ಮೇಲೆ, ಮುಖವನ್ನು ಹಣತೆಯಂತೆ ಮುಂದಿಟ್ಟುಕೊಂಡು ಓಡಿ ಬಂದ.

ಪರದೆ ಕಪ್ಪಾಗಿತ್ತು.

ವಾರಿಜಾ ಫೋನ್ ಮಾಡಿದಳು. “ಕರೆಂಟ್ ಹೋಯ್ತು. ಇನ್ನು ಮುಂದಿನ ಶುಕ್ರವಾರವೇ. ಇವಳು ಆ ಮಾಮನಿಗೆ ಟಾಟಾ ಅಂತಿದ್ದಾಳೆ.”

ಸಂಕಪ್ಪ ನಡೆದುಕೊಂಡೇ ಕೋಣೆಗೆ ಮರಳಿದ. ಕಸದ ಬುಟ್ಟಿಗೆ ಕೈ ಹಾಕಿ ಕ್ರೀಮಿನ ಡಬ್ಬಿ ಹೆಕ್ಕಿದ, ಒರೆಸಿದ, ಕನ್ನಡಿಯ ಮುಂದೆ ಕೂತ.

“ನಿನಗೆಂತ ಮರುಳಾ?” ಮೊಯ್ದಿನ್ ಕುಂಞಿ ಕೂಗಿದ. “ಅದನ್ನು ಬಿಟ್ರೆ ಮೊಡವೆ ಹೋಗ್ತದೆ ಅಂತ ಔಷಧಿಯವ ಹೇಳಿದ್ದಲ್ವಾ?”

“ಅದೇ ಹೆದರಿಕೆ ಮೊಯ್ದಿನಾಕ” ಎಂದ ಸಂಕಪ್ಪ, ಮೂಗಿನ ತುದಿಗೆ ಸ್ವಲ್ಪ ಹೆಚ್ಚೇ ಹಚ್ಚುತ್ತ. “ಶುಕ್ರವಾರಕ್ಕೆ ಇನ್ನೂ ಏಳು ದಿನ ಉಂಟು.”